ಮನೆಯ ನೆನಪಿಗೊಂದು ಹಗೇವು

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ, ಅಂಗಳದಲ್ಲಿಯೋ ಪಡಸಾಲೆಯ ನೆಲದಡಿಯಲ್ಲಿಯೋ, ಬಾಯಿ ಕಿರಿದಾಗಿ ಒಡಲು ವಿಶಾಲವಾಗಿ ತೋಡಿದ ಹಗೇವೆಂಬ ಧಾನ್ಯಗರ್ಭವೊಂದು ಇರುತ್ತಿದ್ದುದನ್ನು ಐವತ್ತು ದಾಟಿದ ಓದುಗರು ಬಲ್ಲರು. ಸುಗ್ಗಿಯಲ್ಲಿ ಬಂದ ಬಿಳಿಜೋಳವನ್ನು, ಸುತ್ತಲೂ ಹುಲ್ಲಿನ ಹೊದಿಕೆಯಿಟ್ಟು ಅದರೊಳಗೆ ಸುರಿದು, ಮೇಲೆ ಕಲ್ಲುಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತಿ, ಬರಗಾಲ ಬಂದರೂ ಮನೆಯ ಮಕ್ಕಳು ಪರರ ಬಾಗಿಲಿಗೆ ಹೋಗದಿರಲೆಂದು ಕಾಪಿಡುತ್ತಿದ್ದ ಆ ಗೃಹಸ್ಥರು, ಅದೇ ಜೋಳವನ್ನು ಪೇಟೆಯ ಅಡತಿ ಅಂಗಡಿಯಲ್ಲಿಟ್ಟು ಬೇಕಾದಾಗ ಕೇಳಿ ತರಬಹುದೆಂಬುದನ್ನು ಅರಿಯದವರೇನೂ ಆಗಿರಲಿಲ್ಲ. ಅನ್ನದ ಕೀಲಿಕೈ ಅನ್ಯರ ಸೊಂಟದಲ್ಲಿ ತೂಗಬಾರದೆಂಬುದು ಅವರ ಗೃಹನೀತಿಯಾಗಿದ್ದಿತು. ಹಗೇವಿಗೂ ಒಂದು ಶಾಸ್ತ್ರವಿತ್ತು. ಬಾಯಿ ತೆರೆದೊಡನೆ ಯಾರೂ ಇಳಿಯತಕ್ಕದ್ದಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಹೊತ್ತು ಕೊಟ್ಟು, ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದೆ ನಿಂತರೆ ಮಾತ್ರ ಆಳನ್ನು ಇಳಿಸಬೇಕು.

ಆ ಹಗೇವುಗಳು ಈಗ ಬರಿದಾಗಿವೆ, ಹಲವು ಕಡೆ ಮುಚ್ಚಿಯೂ ಹೋಗಿವೆ. ಆದರೆ ಬೇರೊಂದು ಬಗೆಯ ಧಾನ್ಯ ನಮ್ಮ ಮನೆಗಳಲ್ಲಿ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಮಗಳ ಮದುವೆಯ ಛಾಯಾಚಿತ್ರಗಳು, ಮೊಮ್ಮಗನ ತೊದಲುನುಡಿ, ಹೊಲದ ಉತಾರದ ಪ್ರತಿ, ದವಾಖಾನೆಯ ವರದಿ, ತೀರಿಹೋದ ಹಿರಿಯರ ಧ್ವನಿ, ಅಂಗಡಿಯ ಕೀರ್ದಿ ಖತಾವಣಿ, ಇವೆಲ್ಲವೂ ಅಂಕಿಗಳ ರೂಪವನ್ನು ತಾಳಿ, ನಮ್ಮ ಕೈಯೊಳಗಣ ಮೊಬೈಲಿನಿಂದ ಹೊರಟು, ನಾವು ಕಂಡರಿಯದ ಯಾವುದೋ ದೇಶದ ಯಾವುದೋ ಉಗ್ರಾಣದಲ್ಲಿ ಹೋಗಿ ಕುಳಿತಿವೆ. ಆ ಉಗ್ರಾಣಕ್ಕೆ ಕ್ಲೌಡ್, ಎಂದರೆ ಮೋಡ, ಎಂದು ಹೆಸರು. ಮೋಡವನ್ನು ನೆಚ್ಚಿ ಬಿತ್ತಿ ಎಷ್ಟೋ ಸಲ ಬೀಜವನ್ನೂ ಕಳೆದುಕೊಂಡ ಮುಂಡರಗಿ ಶಿರಹಟ್ಟಿಗಳ ಒಕ್ಕಲಿಗನಿಗೆ ಅದರ ಸ್ವಭಾವವನ್ನು ನಾನು ಬೇರೆ ವಿವರಿಸಬೇಕಾಗಿಲ್ಲ. ಛಾಯಾಚಿತ್ರಗಳನ್ನು ತುಸು ಕುಗ್ಗಿಸಿ ಮೇರೆಯಿಲ್ಲದೆ ಉಚಿತವಾಗಿ ಇರಿಸಿಕೊಳ್ಳುತ್ತಿದ್ದ ಗೂಗಲ್ ಸಂಸ್ಥೆಯು 2021ರ ಜೂನ್ 1ರಿಂದ ಆ ಪದ್ಧತಿಯನ್ನು ನಿಲ್ಲಿಸಿ, ಹೊಸದಾಗಿ ಬರುವ ಚಿತ್ರಗಳನ್ನೂ ಮಿಂಚಂಚೆ ಮೊದಲಾದವುಗಳೊಡನೆ 15 ಜಿಬಿಯ ಲೆಕ್ಕಕ್ಕೆ ಸೇರಿಸಿತು. ಅದು ಅವರ ಹಕ್ಕು, ಏಕೆಂದರೆ ಉಗ್ರಾಣ ಅವರದು. ಆದರೆ ನಿಯಮವನ್ನು ಮಾಡುವವರು ಅವರಾಗಿ, ನೆನಪು ನಮ್ಮದಾಗಿರುವಾಗ, ಆ ನೆನಪಿನ ಮೂಲಪ್ರತಿಯು ನಮ್ಮ ಮನೆಯಲ್ಲಿದ್ದು ಅವರ ಬಳಿ ನಕಲಿರುವುದು ನ್ಯಾಯವೇ ಹೊರತು, ಅದಕ್ಕೆ ವಿಪರ್ಯಯವಲ್ಲ. ಇಷ್ಟಕ್ಕೆ ಬೇಕಾದುದು ಸಣ್ಣದೊಂದು ದೀಪದಷ್ಟು ವಿದ್ಯುತ್ತನ್ನುಣ್ಣುವ ಪುಟ್ಟ ಸರ್ವರ್, ಅಚ್ಚುಕಟ್ಟಾಗಿ ಎಳೆದ ನಾಲ್ಕಾರು ತಂತಿಗಳು ಮತ್ತು ಒಂದು ವಹಿ.

ಈ ಮಾತನ್ನು ನಾನು ನಷ್ಟವನ್ನುಂಡು ಹೇಳುತ್ತಿದ್ದೇನೆ. ನಮ್ಮ ಅವ್ವ ಬೀಸುವಕಲ್ಲಿನ ಪದಗಳನ್ನು ಹಾಡುತ್ತಿದ್ದಳು. ಗಿರಣಿ ಬಂದು ಕಲ್ಲು ಮೂಲೆ ಸೇರಿದ ಮೇಲೂ, ಮಧ್ಯಾಹ್ನದ ಬಿಡುವಿನಲ್ಲಿ ಕೈ ಬರಿದೆ ತಿರುಗಿಸುತ್ತ, ಕಲ್ಲಿಲ್ಲದ ಕಲ್ಲಿನ ಗತಿಗೆ ಅವಳು ಹಾಡಿದ ಹದಿನಾಲ್ಕು ಪದಗಳನ್ನು ನಾನೊಮ್ಮೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆನು. ಅವಳು ತೀರಿಕೊಂಡ ಬಳಿಕ, ಟೇಪಿಗೆ ಬೂಷ್ಟು ಹಿಡಿಯತೊಡಗಿತೆಂದು ಆ ಧ್ವನಿಯನ್ನು ಕಂಪ್ಯೂಟರಿನೊಳಗಿನ ಹಾರ್ಡ್‌ಡಿಸ್ಕಿಗೆ ಇಳಿಸಿ, ಇನ್ನು ಇದಕ್ಕೆ ಸಾವಿಲ್ಲವೆಂದು ಸಮಾಧಾನಪಟ್ಟು, ಕ್ಯಾಸೆಟ್ಟನ್ನು ಎಸೆದುಬಿಟ್ಟೆನು. ಒಂದು ವೈಶಾಖದ ಸಂಜೆ ಸಿಡಿಲು ಮಳೆಯ ನಡುವೆ ಕರೆಂಟು ಹೋಗಿ ಬಂದು, ಮತ್ತೆ ಹೋಗಿ ಬಂದು, ಆ ಡಿಸ್ಕು ಟಕಟಕನೆ ಸದ್ದು ಮಾಡಿ ಸುಮ್ಮನಾಯಿತು. ಹುಡುಕಲಾಗಿ, ಹದಿನಾಲ್ಕರಲ್ಲಿ ಮೂರು ಪದಗಳು ಮಾತ್ರ ಲಕ್ಷ್ಮೇಶ್ವರದಲ್ಲಿರುವ ತಂಗಿಯ ಹಳೆಯ ಮೊಬೈಲೊಂದರಲ್ಲಿ ಉಳಿದಿದ್ದುವು. ಅವು ಉಳಿದುದು ನನ್ನ ಜಾಣತನದಿಂದಲ್ಲ. ತವರಿನ ನೆನಪಿಗೆಂದು ಅವಳು ಒಮ್ಮೆ ಕೇಳಿ ಪಡೆದುದರಿಂದ.

ಒಂದೇ ಪ್ರತಿಯನ್ನು ನೆಚ್ಚಬಾರದೆಂಬ ಈ ಪಾಠವನ್ನು ಕಲಿಯಲು ನಾನು ಅಷ್ಟು ಬೆಲೆಯನ್ನು ತೆರಬೇಕಾಗಿರಲಿಲ್ಲ. ಗದಗಿನಿಂದ ಹೊಸಪೇಟೆಯ ದಾರಿ ಹಿಡಿದು ಹನ್ನೆರಡು ಕಿಲೋಮೀಟರು ಹೋದರೆ ಸಿಗುವ ಲಕ್ಕುಂಡಿಯಲ್ಲಿ ಸಾವಿರ ವರ್ಷಗಳ ಹಿಂದೆಯೇ ಅದನ್ನು ಒಬ್ಬ ಮಹಿಳೆ ಆಚರಿಸಿ ತೋರಿಸಿದ್ದಳು. 1007ರ ಶಾಸನವುಳ್ಳ ಬ್ರಹ್ಮಜಿನಾಲಯವನ್ನು ಅಲ್ಲಿ ಕಟ್ಟಿಸಿದ, ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯನ್ನೋದಿದವರೆಲ್ಲರಿಗೂ ತಿಳಿದ ಸಂಗತಿ. ಇದನ್ನು ನಾವು ಸಾಮಾನ್ಯವಾಗಿ ದಾನವೆಂದು ಹೊಗಳಿ ಸುಮ್ಮನಾಗುತ್ತೇವೆ. ಆದರೆ ತಾಳೆಗರಿಯು ಹುಳುವಿಗೆ, ಬೆಂಕಿಗೆ, ಮರೆವಿಗೆ ತುತ್ತಾಗುವ ವಸ್ತುವೆಂಬುದನ್ನು ಬಲ್ಲವಳು ಮಾಡಿದ ರಕ್ಷಣೋಪಾಯವೂ ಅದಾಗಿದ್ದಿತು. ಆ ಶಾಂತಿಪುರಾಣ ಇಂದು ನಮಗೆ ಸಿಕ್ಕುತ್ತದೆ. ಅದೇ ಪೊನ್ನನು ಬರೆದ ಭುವನೈಕರಾಮಾಭ್ಯುದಯ ಸಿಕ್ಕುವುದಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಹೆಸರುಮಾತ್ರವಾಗಿ ನಿಂತಿವೆ. ಒಂದೇ ಕವಿಯ ಎರಡು ಕೃತಿಗಳಲ್ಲಿ ಒಂದು ಉಳಿದು ಇನ್ನೊಂದು ಅಳಿದುದಕ್ಕೆ ಕಾಲದ ಲೀಲೆಯೆಂದು ಹೆಸರಿಡುವವರು ಇಡಲಿ, ನನಗಂತೂ ಪ್ರತಿಗಳ ಸಂಖ್ಯೆಯೇ ಅದರ ಕಾರಣವಾಗಿ ಕಾಣುತ್ತದೆ.

ಇನ್ನು ಯಂತ್ರದ ಮಾತು. ಸರ್ವರ್ ಎಂದೊಡನೆ ಬ್ಯಾಂಕಿನ ಒಳಕೋಣೆಯಲ್ಲಿ ತಂಪುಯಂತ್ರದ ಕೆಳಗೆ ಗುಂಯ್‌ಗುಡುವ ಕಪಾಟನ್ನು ಕಲ್ಪಿಸಿಕೊಂಡು ಹೆದರುವವರೇ ಹೆಚ್ಚು. ಸರ್ವರ್ ಎಂದರೆ ಹಗಲಿರುಳೂ ಎಚ್ಚರವಿದ್ದು, ಕೇಳಿದವರಿಗೆ ಕೇಳಿದುದನ್ನು ತೆಗೆದುಕೊಡುವ ಕಂಪ್ಯೂಟರು, ಅಷ್ಟೆ. ಅದು ಅಂಗೈಯಗಲವಿದ್ದರೂ ಸಾಕು. 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಫಲಕವು, ಶಾಲೆಯ ಮಕ್ಕಳಿಗೆ ಕಂಪ್ಯೂಟರಿನ ವಿದ್ಯೆಯನ್ನು ಕಲಿಸಲೆಂದು 35 ಡಾಲರಿನ ಬೆಲೆಗೆ ಮಾಡಿದುದು; 85 ಮಿಲಿಮೀಟರು ಉದ್ದ, 56 ಮಿಲಿಮೀಟರು ಅಗಲ. ಅದರ ಹೃದಯವಾದ ಆರ್ಮ್ ಚಿಪ್ಪಿನ ಹುಟ್ಟೂ ಅದೇ ಊರಿನದು. ಏಕಾರ್ನ್ ಎಂಬ ಸಂಸ್ಥೆಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬವರು ರೂಪಿಸಿದ ಅದರ ಮೊದಲ ಪ್ರತಿ 1985ರ ಏಪ್ರಿಲ್ 26ರಂದು ಕೆಲಸ ಮಾಡತೊಡಗಿತು. ಅದು ಎಷ್ಟು ವಿದ್ಯುತ್ತನ್ನುಣ್ಣುವುದೆಂದು ಅಳೆಯಹೋದ ಫರ್ಬರರಿಗೆ ಮಾಪಕವು ಸೊನ್ನೆಯನ್ನೇ ತೋರಿಸಿತಂತೆ. ಪರೀಕ್ಷಿಸಲಾಗಿ, ಚಿಪ್ಪಿಗೆ ವಿದ್ಯುತ್ತನ್ನೂಡುವ ತಂತಿಯ ಜೋಡಣೆಯೇ ಆಗಿರಲಿಲ್ಲ. ಅಕ್ಕಪಕ್ಕದ ಇತರ ತಂತಿಗಳಿಂದ ಸೋರಿಬಂದ ಅತ್ಯಲ್ಪ ವಿದ್ಯುತ್ತಿನಿಂದಲೇ ಅದು ಲೆಕ್ಕವನ್ನು ಮಾಡುತ್ತಿದ್ದಿತು. ಇಂದು ನಮ್ಮ ಮೊಬೈಲುಗಳಲ್ಲೆಲ್ಲ ಮಿಡಿಯುತ್ತಿರುವುದು ಆ ಮಿತಾಹಾರಿಯ ಸಂತತಿಯೇ. ರಾಸ್ಪ್‌ಬೆರಿ ಪೈ ಬೇಡವೆನ್ನುವವರು, ಕಚೇರಿಗಳು ಬಳಸಿ ಮಾರುವ ಪುಸ್ತಕದಾಕಾರದ ಮಿನಿ ಪಿಸಿಯೊಂದನ್ನು ಸಾಧಾರಣ ಮೊಬೈಲಿನ ಬೆಲೆಗೆ ಕೊಳ್ಳಬಹುದು; ನಾನು ಹಾಗೆಯೇ ಮಾಡಿದ್ದೇನೆ.

ಇಲ್ಲಿ ತುಸು ಲೆಕ್ಕ ಬೇಕು, ಏಕೆಂದರೆ ಮಿತವ್ಯಯವೆಂಬುದು ಭಾವನೆಯಿಂದ ಸಿದ್ಧಿಸುವುದಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ದೊಡ್ಡ ಡಬ್ಬಿಯ ಕಂಪ್ಯೂಟರನ್ನೇ ಸರ್ವರ್ ಮಾಡಿಬಿಟ್ಟರೆ ಖರ್ಚು ಉಳಿಯಿತೆಂದು ಹಲವರು ತಿಳಿಯುತ್ತಾರೆ. ಅದು 80 ವ್ಯಾಟ್ ಉಣ್ಣುವುದೆಂದಿಟ್ಟುಕೊಂಡರೆ, ದಿನಕ್ಕೆ 24 ಗಂಟೆಯಂತೆ ತಿಂಗಳಿಗೆ ಸುಮಾರು 58 ಯೂನಿಟ್ ಆಗುತ್ತದೆ. 8 ವ್ಯಾಟ್ ಉಣ್ಣುವ ಪುಟ್ಟ ಯಂತ್ರವಾದರೆ 6 ಯೂನಿಟ್ಟಿಗೂ ಕಡಿಮೆ. ಯೂನಿಟ್ಟಿಗೆ 6 ರೂಪಾಯಿಯೆಂದರೆ ಒಂದರ ಖರ್ಚು ತಿಂಗಳಿಗೆ 350 ರೂಪಾಯಿಯ ಸಮೀಪ, ಇನ್ನೊಂದರದು 35. ಗೃಹಜ್ಯೋತಿಯಿಂದ ಬಿಲ್ಲೇ ಬರುವುದಿಲ್ಲವೆಂದು ಕೆಲವರು ಹೇಳಿಯಾರು. ಆ ಯೋಜನೆಯಲ್ಲಿಯೂ ಮನೆಮನೆಗೆ ಗೊತ್ತುಪಡಿಸಿದ ಮಿತಿಯುಂಟು, ವ್ಯರ್ಥವಾದ ಐವತ್ತು ಯೂನಿಟ್ಟುಗಳು ಆ ಮಿತಿಯನ್ನು ದಾಟಿಸಬಲ್ಲವು. ಅದಕ್ಕಿಂತ ಮಿಗಿಲಾಗಿ, ಯಾರೂ ಏನನ್ನೂ ಕೇಳದ ನಡುರಾತ್ರಿಯಲ್ಲಿ ಎಂಬತ್ತು ವ್ಯಾಟ್ ಉರಿಸುತ್ತ ಕುಳಿತಿರುವ ಯಂತ್ರ ನನ್ನ ಕಣ್ಣಿಗೆ ನಳ ತೆರೆದಿಟ್ಟು ಊರಿಗೆ ಹೋದಂತೆ ಕಾಣುತ್ತದೆ. ನಳದ ನೀರಿಗಾಗಿ ದಿನಗಟ್ಟಲೆ ಕಾದು, ಬಂದಾಗ ಸಂಪು, ಟಾಕಿ, ಬ್ಯಾರಲ್ಲು, ಕೊಡ ಎಲ್ಲವನ್ನೂ ತುಂಬಿಸಿಕೊಳ್ಳುವ ಗದಗ ಬೆಟಗೇರಿಯ ಜನಕ್ಕೆ ಈ ಹೋಲಿಕೆಯ ನೋವು ಅರ್ಥವಾದೀತು.

ಮುಂಡರಗಿಯ ದಾರಿಯಲ್ಲಿ ಹೋಗುವಾಗ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯ ಯಂತ್ರಗಳು ಬಿಳಿಯ ರೆಕ್ಕೆಗಳನ್ನು ತಿರುಗಿಸುತ್ತ ನಿಂತಿರುವುದನ್ನು ನೋಡಿದಾಗಲೆಲ್ಲ, ವಿದ್ಯುತ್ತು ನಮ್ಮ ಗುಡ್ಡದಲ್ಲಿಯೇ ಹುಟ್ಟಿಯೂ ನಮ್ಮ ಓಣಿಯಲ್ಲಿ ಆಗಾಗ ಕಾಣೆಯಾಗುವುದು ನನ್ನನ್ನು ಕಾಡುತ್ತದೆ. ವಿದ್ಯುತ್ತು ಹೋಗುವುದು ಪುಟ್ಟ ಸರ್ವರುಗಳಿಗೆ ಕೇಡಲ್ಲ. ಅವು ಕಡತಗಳನ್ನು ಬರೆಯುತ್ತಿರುವ ಹೊತ್ತಿನಲ್ಲಿ ಹಠಾತ್ತಾಗಿ ಹೋಗುವುದು ಕೇಡು. ಮೊಬೈಲಿನಲ್ಲಿ ಹಾಕುವ ಉಗುರಗಲದ ಮೆಮರಿ ಕಾರ್ಡಿನ ಮೇಲೆ ಸರ್ವರನ್ನು ನಿಲ್ಲಿಸಿದವರು ಇದನ್ನು ಬೇಗನೆ ಅನುಭವಿಸುತ್ತಾರೆ. ಆದುದರಿಂದ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯೊಂದನ್ನು ಜೋಡಿಸತಕ್ಕದ್ದು. ಫೈಬರಿನ ಡಬ್ಬಿ, ರೌಟರ್, ಸ್ವಿಚ್, ಸರ್ವರ್ ಎಲ್ಲವೂ ಸೇರಿ ನನ್ನ ಮನೆಯಲ್ಲಿ 20 ವ್ಯಾಟಿನ ಆಸುಪಾಸು ಉಣ್ಣುತ್ತವೆ. ನಮ್ಮಲ್ಲಿ ಸಾಮಾನ್ಯವಾದ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಪ್ರಕಾರ 1800 ವ್ಯಾಟ್‌ಗಂಟೆಯ ದಾಸ್ತಾನಿರುತ್ತದೆ; ಬ್ಯಾಟರಿಯ ಆಯುಸ್ಸಿಗಾಗಿ ಅರ್ಧವನ್ನೇ ಬಳಸಿ, ಇನ್‌ವರ್ಟರಿನ ಸ್ವಂತ ಹಸಿವನ್ನೂ ಕಳೆದರೂ, ಒಂದು ಹಗಲು ಒಂದು ರಾತ್ರಿ ಇವು ನಿರಾತಂಕವಾಗಿ ನಡೆಯುತ್ತವೆ. ಇನ್‌ವರ್ಟರ್ ಇಲ್ಲದವರು, ರೌಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಂಡರೂ ಆಯಿತು. ಅದೇ ಹಳೆಯ ದೊಡ್ಡ ಕಂಪ್ಯೂಟರನ್ನು ಬ್ಯಾಟರಿಯ ಮೇಲಿಟ್ಟಿದ್ದರೆ ಮನೆಯವರು ಮೊದಲ ರಾತ್ರಿಯೇ ಫ್ಯಾನಿಗಾಗಿ ಅದನ್ನು ಕಿತ್ತು ಹಾಕುತ್ತಿದ್ದರು. ಅಲ್ಪಾಹಾರಿಯಾದ ಯಂತ್ರ ಮಾತ್ರವೇ ನಮ್ಮಂಥ ಮನೆಗಳಲ್ಲಿ ದೀರ್ಘಕಾಲ ಬಾಳೀತು.

‘ಅಚ್ಚುಕಟ್ಟು’ ಎಂಬ ಕನ್ನಡ ಶಬ್ದಕ್ಕೆ ಎರಡರ್ಥಗಳಿವೆ: ಓರಣವೆಂಬುದೊಂದು, ಕೆರೆಯ ನೀರು ಹಾಯುವ ನೆಲವೆಂಬುದಿನ್ನೊಂದು. ಡಂಬಳದ ಕೆರೆಯ ಕೆಳಗೆ ನಿಂತು, ತೂಬಿನಿಂದ ಹೊರಟ ನೀರು ಕಾಲುವೆಯಾಗಿ, ಕಾಲುವೆ ಕವಲಾಗಿ, ಕವಲು ಮಡಿಮಡಿಗೆ ಇಳಿಯುವುದನ್ನು ನೋಡಿದವರಿಗೆ ಈ ಎರಡೂ ಅರ್ಥಗಳು ಒಂದೇ ಬೇರಿನವೆಂದು ಹೊಳೆಯದಿರದು. ಮನೆಯ ನೆಟ್‌ವರ್ಕು ಇಂಥದೇ ಒಂದು ಅಚ್ಚುಕಟ್ಟು. ಬೀದಿಯಿಂದ ಬಂದ ಫೈಬರು ಗೋಡೆಯ ಒಂದು ಸ್ಥಳದಲ್ಲಿ ಮುಗಿಯಲಿ. ಅದರ ಪಕ್ಕದಲ್ಲಿಯೇ ರೌಟರ್, ಸ್ವಿಚ್ ಮತ್ತು ಸರ್ವರ್ ಇರಲಿ. ಅಲ್ಲಿಂದ ಕೋಣೆಗೊಂದರಂತೆ ಕೇಬಲು ಹೊರಡಲಿ. ಕದಲದ ವಸ್ತುಗಳಿಗೆ, ಎಂದರೆ ಟಿವಿಗೆ, ಮೇಜಿನ ಕಂಪ್ಯೂಟರಿಗೆ, ಸರ್ವರಿಗೆ ತಂತಿ. ಕೈಯಲ್ಲಿ ಹಿಡಿದು ತಿರುಗುವ ವಸ್ತುಗಳಿಗೆ ವೈಫೈ. ಈ ಒಂದು ನಿಯಮವನ್ನು ಪಾಲಿಸಿದರೆ ಮನೆಯ ಅರ್ಧದಷ್ಟು ತಕರಾರುಗಳು ತಾವಾಗಿಯೇ ಅಡಗುತ್ತವೆ.

ಕೇಬಲಿನ ವಿಷಯದಲ್ಲಿ ಮಾತ್ರ ಅಗ್ಗಕ್ಕೆ ಮರುಳಾಗಬಾರದು. ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ ತಂತಿಯನ್ನು ತಾಮ್ರವೆಂದೇ ಮಾರುವುದುಂಟು. ಬ್ಲೇಡಿನಿಂದ ಎಳೆಯೊಂದನ್ನು ಹೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಹಿಂದಿರುಗಿಸತಕ್ಕದ್ದು. ಒಳ್ಳೆಯ ಕೇಬಲು ಒಂದೇ ಓಟದಲ್ಲಿ 100 ಮೀಟರಿನವರೆಗೆ ಸೆಕೆಂಡಿಗೆ ನೂರು ಕೋಟಿ ಬಿಟ್‌ಗಳನ್ನು ಒಯ್ಯುತ್ತದೆ. ಅದರೊಳಗೆ ಎರಡೆರಡಾಗಿ ಹೊಸೆದ ಎಂಟು ಎಳೆಗಳಿರುತ್ತವೆ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂಬ ಅನುಕ್ರಮದಲ್ಲಿ ಎರಡು ತುದಿಗಳಲ್ಲಿಯೂ ಅವುಗಳನ್ನು ಪಿನ್ನಿಗೆ ಸೇರಿಸಬೇಕು. ಇದನ್ನು ನನಗೆ ಮೊದಲ ಸಲ ತಪ್ಪಿಲ್ಲದೆ ಮಾಡಿಕೊಟ್ಟವನು ಬೆಟಗೇರಿಯ ನೇಕಾರರ ಮನೆತನದ ತರುಣನೊಬ್ಬ. ಹಾಸಿನ ಎಳೆಗಳ ಬಣ್ಣದ ವರಸೆಯನ್ನು ಕಣ್ಣಿನಲ್ಲಿಯೇ ಎಣಿಸಿ ಬೆಳೆದ ಆ ಕೈಗೆ ಎಂಟು ಎಳೆಗಳ ವರಸೆ ಏನು ಮಹಾ! ಮಗ್ಗ ನಿಂತ ಮನೆಗಳಲ್ಲಿ ಇಂಥ ಎಷ್ಟು ಕೈಗಳು ಕೆಲಸವಿಲ್ಲದೆ ಕುಳಿತಿವೆಯೋ ಎಂದು ಅಂದು ನನಗೆ ಬಹಳ ಹೊತ್ತು ಮರುಕವಾಗಿತ್ತು.

ಶಿರಹಟ್ಟಿಯಲ್ಲಿರುವ ನಮ್ಮ ದೊಡ್ಡಪ್ಪನ ಮನೆ ಕಲ್ಲು ಮಣ್ಣಿನದು. ಗೋಡೆಗಳ ದಪ್ಪ ಎರಡು ಅಡಿಗೆ ಕಡಿಮೆಯಿಲ್ಲ. ಬೇಸಗೆಯ ಉರಿಯಲ್ಲಿ ಒಳಗೆ ತಂಪು, ಮಾಗಿಯಲ್ಲಿ ಬೆಚ್ಚಗೆ. ಆದರೆ ವೈಫೈಯ ಅಲೆಗಳು ಆ ಗೋಡೆಯ ಮುಂದೆ ಸೋತು ನಿಲ್ಲುತ್ತವೆ, ಅದರಲ್ಲಿಯೂ ವೇಗವಾದ 5 ಗಿಗಾಹರ್ಟ್ಸಿನ ಅಲೆಗಳು. ಅಲ್ಲಿನ ಮಕ್ಕಳು ಇದಕ್ಕಾಗಿ ಹಿಂದಿನ ಕೋಣೆಯ ಗೋಡೆಯನ್ನು ಒಡೆಸಬೇಕೆಂದು ಹಟ ಹಿಡಿದಿದ್ದರು. ಗೋಡೆಯನ್ನು ಒಡೆಸಬೇಕಾಗಲಿಲ್ಲ, ಬಾಗಿಲ ಚೌಕಟ್ಟಿನ ಗುಂಟ ಒಂದು ಕೇಬಲನ್ನೊಯ್ದು ಪಡಸಾಲೆಯಲ್ಲಿಯೂ ಹಿತ್ತಿಲ ಕೋಣೆಯಲ್ಲಿಯೂ ಒಂದೊಂದು ವೈಫೈ ಡಬ್ಬಿಯನ್ನಿಟ್ಟರೆ ಸಾಕಾಯಿತು. ಆದರೆ ಹಿತ್ತಿಲಾಚೆಯ ಅಣ್ಣನ ಮನೆಗೆ ಮಾಳಿಗೆಯ ಮೇಲಿಂದ ತಾಮ್ರದ ಕೇಬಲು ಎಳೆಯಲು ನಾನು ಒಪ್ಪಲಿಲ್ಲ. ಚೈತ್ರ ವೈಶಾಖಗಳ ಅಡ್ಡಮಳೆಯ ಕಾಲದಲ್ಲಿ, ಸಿಡಿಲು ನೇರವಾಗಿ ಬಡಿಯದೆ ಹತ್ತಿರದಲ್ಲಿ ಬಿದ್ದರೂ, ಅಂಥ ಉದ್ದನೆಯ ತಂತಿಯಲ್ಲಿ ವಿದ್ಯುತ್ತು ಉಕ್ಕಿ ಎರಡೂ ಮನೆಯ ಯಂತ್ರಗಳನ್ನು ಸುಡಬಲ್ಲದು. ಮನೆಯಿಂದ ಮನೆಗೆ ಗಾಜಿನೆಳೆಯ ಫೈಬರೇ ಯೋಗ್ಯ. ಅದರೊಳಗೆ ಹರಿಯುವುದು ಬೆಳಕು, ಅದಕ್ಕೆ ಸಿಡಿಲಿನ ಭಯವಿಲ್ಲ.

ನನ್ನ ಮನೆಯಲ್ಲಿ ಸರ್ವರಿಗೆ ದೊರೆತ ಸ್ಥಾನ, ಅಜ್ಜಿ ದೀಪವಿಡುತ್ತಿದ್ದ ಗೋಡೆಯ ಗೂಡು. ಗಾಳಿಯಾಡುತ್ತದೆ, ಎರೆಮಣ್ಣಿನ ಧೂಳು ಬಾರದಂತೆ ಮುಂದೆ ತೆಳುವಾದ ಜಾಲರಿಯಿದೆ, ಮಕ್ಕಳ ಕೈಗೆಟುಕುವುದಿಲ್ಲ. ಮುಂಡರಗಿಯಿಂದ ಬಂದ ಅಣ್ಣನ ಮಗ ಅದನ್ನು ಮುಟ್ಟಿ ನೋಡಿ, “ಕಾಕಾ, ಇಷ್ಟ ಸಣ್ಣ ಡಬ್ಬಿ ಏನ್ ಕೆಲಸ ಮಾಡ್ತದ್ರಿ? ಬಿಸೀನೂ ಆಗಿಲ್ಲಲ್ರಿ!” ಎಂದನು. “ನಿಮ್ಮಜ್ಜಿ ಹಾಡು ಕೇಳ್ತೀಯೇನಪಾ?” ಎಂದು ಅವನ ಮೊಬೈಲಿನಲ್ಲಿಯೇ ಉಳಿದ ಮೂರು ಪದಗಳಲ್ಲಿ ಒಂದನ್ನು ತೆರೆದುಕೊಟ್ಟೆನು. ಅವನು ಕಾಣದ ಅಜ್ಜಿಯ ಧ್ವನಿ ಅದೇ ಗೂಡಿನಿಂದ ಹೊರಟು ನಮ್ಮ ಪಡಸಾಲೆಯಲ್ಲಿ ಕೇಳಿಸಿತು. ಅಂದು ಬೀದಿಯಲ್ಲಿ ಜೆಸಿಬಿ ರಸ್ತೆಯನ್ನು ಅಗೆಯುತ್ತ ಫೈಬರನ್ನು ಕಡಿದುಹಾಕಿದ್ದಿತು, ಹೊರಗಿನ ಇಂಟರ್ನೆಟ್ ಇರಲೇ ಇಲ್ಲ. ಮನೆಯೊಳಗಿನ ಅಚ್ಚುಕಟ್ಟಿಗೆ ಹೊರಗಿನ ಹಂಗಿಲ್ಲ.

ಆ ಯಂತ್ರದಲ್ಲಿ ಇರುವುದೆಲ್ಲವೂ ಮುಕ್ತ ತಂತ್ರಾಂಶಗಳು, ಬೆಲೆ ಕೊಟ್ಟು ತಂದುದು ಒಂದೂ ಇಲ್ಲ: 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆ, ಕಡತಗಳನ್ನು ಹಂಚುವ ಸಾಂಬಾ, ಹಾಡು ಚಲಚ್ಚಿತ್ರಗಳಿಗೆ ಜೆಲ್ಲಿಫಿನ್, ಇಂಟರ್ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯವನ್ನು ಓದಿಸುವ ಕಿವಿಕ್ಸ್.

ಪ್ರತಿಯೊಂದು ಯಂತ್ರಕ್ಕೂ ಮನೆಯೊಳಗೆ ಒಂದು ಸ್ಥಿರವಾದ ವಿಳಾಸವನ್ನು ಕೊಟ್ಟು ವಹಿಯಲ್ಲಿ ಬರೆದಿಡಬೇಕು. ಇಂಟರ್ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು 429 ಕೋಟಿ; ಅವು ಎಲ್ಲರಿಗೂ ಸಾಲವೆಂದು, 192.168 ಎಂದು ಮೊದಲಾಗುವಂಥ ಕೆಲವನ್ನು ಮನೆಯೊಳಗಿನ ಖಾಸಗಿ ಬಳಕೆಗೆಂದು ಮೀಸಲಿಟ್ಟಿದ್ದಾರೆ. ಓಣಿಯ ಹಲವಾರು ಮನೆಗಳನ್ನು ಕಂಪನಿಯವರು ಒಂದೇ ಹೊರವಿಳಾಸದ ಹಿಂದೆ ಕೂಡಿಸಿರುವುದೂ ಉಂಟು. ಇದರಿಂದ ಹೊರಗಿನಿಂದ ನಮ್ಮ ಸರ್ವರನ್ನು ತಲುಪುವುದು ಕಷ್ಟವೆಂದು ತರುಣರು ಗೊಣಗುತ್ತಾರೆ. ನನಗೆ ಅದರಲ್ಲಿ ಗುಣವೇ ಹೆಚ್ಚು ಕಾಣುತ್ತದೆ. ಊರಿಗೆ ಅಗಸೆಯೊಂದಿದ್ದು ಅದು ರಾತ್ರಿ ಮುಚ್ಚಿರುವುದು ಊನವಲ್ಲ. ಅಗತ್ಯವಿದ್ದವರು ವಾಯರ್‌ಗಾರ್ಡ್ ಎಂಬ ಗುಪ್ತಮಾರ್ಗವನ್ನು ಮಾಡಿಕೊಳ್ಳಲಿ. ಆದರೆ ರೌಟರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಡುವ ಕೆಲಸಕ್ಕೆ ಯಾರೂ ಕೈಹಾಕಬಾರದು, ಕಂಪನಿಯವರು ಮೊದಲೇ ಇಟ್ಟು ಕಳಿಸಿದ ಪಾಸ್‌ವರ್ಡನ್ನು ಅದೇ ದಿನ ಬದಲಿಸದೆ ಬಿಡಲೂಬಾರದು.

ವಹಿಯ ಮಾತನ್ನು ನಾನು ಮತ್ತೆ ಎತ್ತುವುದಕ್ಕೆ ಕಾರಣವುಂಟು. ಯಾವ ಕೇಬಲಿಗೆ ಯಾವ ಸಂಖ್ಯೆ, ಯಾವ ಯಂತ್ರಕ್ಕೆ ಯಾವ ವಿಳಾಸ, ಪಾಸ್‌ವರ್ಡುಗಳು ಯಾವುವು, ಕೆಟ್ಟರೆ ಮೊದಲು ಏನನ್ನು ನೋಡಬೇಕು, ಇವನ್ನೆಲ್ಲ ಶುದ್ಧ ಕನ್ನಡದಲ್ಲಿ ಕೈಯಿಂದ ಬರೆದು, ಮನೆಪತ್ರ ಬಂಗಾರಗಳಿರುವ ಟ್ರಂಕಿನಲ್ಲಿ ಇಟ್ಟಿದ್ದೇನೆ. ಯಂತ್ರವನ್ನು ಬಲ್ಲವನು ಒಬ್ಬನೇ ಆಗಿ, ಅವನು ನಾಳೆ ಇಲ್ಲವಾದರೆ, ಹೆಂಡತಿ ಮಕ್ಕಳ ಪಾಲಿಗೆ ಆ ಗೂಡಿನೊಳಗಿನ ಡಬ್ಬಿ ಕಬ್ಬಿಣದ ತುಂಡು. ಸಂಸಾರದ ಒಳಿತಿಗೆಂದು ಕಟ್ಟಿದ ವ್ಯವಸ್ಥೆ ಒಬ್ಬನ ವಿದ್ಯೆಗೆ ಗಂಟುಬಿದ್ದಿರಬಾರದು.

ಮನೆಯಲ್ಲಿಯೇ ಇಟ್ಟರೆ ಕಳ್ಳತನವಾದರೆ ಏನು ಗತಿ, ಬೆಂಕಿ ಬಿದ್ದರೇನು ಗತಿ ಎಂದು ಕೇಳುವವರ ಪ್ರಶ್ನೆ ಯೋಗ್ಯವಾದುದೇ ಆಗಿದೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಪರಸ್ಥಳದಲ್ಲಿ ಎಂಬುದು ಈ ವಿದ್ಯೆಯವರು ಹೇಳುವ ಸೂತ್ರ. ಪರಸ್ಥಳವೆಂದರೆ ದೂರದ ಕಂಪನಿಯೇ ಆಗಬೇಕೆಂದಿಲ್ಲ. ನನ್ನ ಪರಸ್ಥಳ, 40 ಕಿಲೋಮೀಟರಿನಾಚೆ ಲಕ್ಷ್ಮೇಶ್ವರದಲ್ಲಿರುವ ತಂಗಿಯ ಮನೆ. ತಿರುಳ್ಗನ್ನಡದ ನೆಲೆಯೆಂದು ಪಂಪನಿಂದ ಹೊಗಳಿಸಿಕೊಂಡ ಆ ಪುಲಿಗೆರೆಯಲ್ಲಿ, ಸೋಮೇಶ್ವರನ ಗುಡಿಯ ಸನಿಹದ ಓಣಿಯ ಕಪಾಟೊಂದರಲ್ಲಿ, ನಮ್ಮ ಮನೆತನದ ಡಿಸ್ಕೊಂದು ಬಟ್ಟೆಯಲ್ಲಿ ಸುತ್ತಿಟ್ಟಿದೆ. ನಾಗರಪಂಚಮಿಗೆ ತಂಗಿ ತವರಿಗೆ ಬರುವಾಗ ಅದನ್ನು ತರುತ್ತಾಳೆ, ಉಂಡಿಯ ಡಬ್ಬಿಯೊಡನೆ ಹೊಸದಾಗಿ ತುಂಬಿದ ಇನ್ನೊಂದನ್ನು ಒಯ್ಯುತ್ತಾಳೆ. ದೀಪಾವಳಿಗೆ ನಾನು ಹೋಗಿ ಮತ್ತೆ ಬದಲಿಸುತ್ತೇನೆ. ಬದಲಿಸುವ ಮುನ್ನ ಹಳೆಯದನ್ನು ಜೋಡಿಸಿ, ಹತ್ತಾರು ಚಿತ್ರಗಳನ್ನೂ ಒಂದೆರಡು ಹಾಡುಗಳನ್ನೂ ತೆರೆದು ನೋಡಿಯೇ ನೋಡುತ್ತೇವೆ. ಹಗೇವಿನೊಳಗೆ ಕಂದೀಲನ್ನು ಇಳಿಬಿಡುವ ಶಾಸ್ತ್ರ ಇದು. ತೆರೆದು ಪರೀಕ್ಷಿಸದ ನಕಲನ್ನು ನಕಲೆಂದು ನಂಬಲಾಗದು.

ನಾನು ಇಷ್ಟು ಹೊತ್ತು ಮನೆಯೊಂದರ ಮಾತನ್ನಾಡಿದೆನಾದರೂ, ನನ್ನ ಕಳವಳ ಮನೆಯಷ್ಟಕ್ಕೆ ನಿಲ್ಲುವುದಿಲ್ಲ. ಗದಗು ಮುದ್ರಣಕ್ಕೆ ಹೆಸರಾದ ಊರು. ಮೊಳೆ ಜೋಡಿಸುವ ಕಾಲ ಹೋಗಿ ಕಂಪ್ಯೂಟರು ಬಂದ ಮೇಲೆ, ಇಲ್ಲಿನ ಮುದ್ರಣಾಲಯಗಳಲ್ಲಿ ಎರಡು ಮೂರು ದಶಕಗಳ ಪುಸ್ತಕಗಳು, ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಕ್ರಮದಲ್ಲಿ, ಧೂಳು ಹಿಡಿದ ಡಿಸ್ಕುಗಳಲ್ಲಿ ಒಂದೇ ಪ್ರತಿಯಾಗಿ ಬಿದ್ದಿವೆ. ಆ ಅಕ್ಷರಕ್ರಮಗಳನ್ನು ಓದಬಲ್ಲ ಯಂತ್ರಗಳು ಇನ್ನೂ ಇರುವಾಗಲೇ ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಿ ಸುರಕ್ಷಿತವಾಗಿ ಇಡದಿದ್ದರೆ, ಭುವನೈಕರಾಮಾಭ್ಯುದಯದ ಪಾಡು ಅವುಗಳಿಗೂ ಬಂದೀತು, ಅದೂ ಸಾವಿರ ವರ್ಷಗಳಲ್ಲಲ್ಲ, ಹತ್ತು ವರ್ಷಗಳಲ್ಲಿ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪುಣ್ಯದಿಂದ ಓಣಿಗೊಬ್ಬ ಗಾಯಕನಿರುವ ಈ ಊರಿನಲ್ಲಿ, ಮನೆಮನೆಯ ಕ್ಯಾಸೆಟ್ಟುಗಳಲ್ಲಿ ಎಂಥೆಂಥ ಕಂಠಗಳು ಬೂಷ್ಟು ಹಿಡಿಯುತ್ತಿವೆಯೋ ಬಲ್ಲವರಾರು?

ಇದನ್ನು ಒಬ್ಬೊಬ್ಬರೇ ಮಾಡಬೇಕಾಗಿಯೂ ಇಲ್ಲ. ಭಾರತದ ಸಹಕಾರ ಚಳವಳಿಯಲ್ಲಿ ಪ್ರಥಮವೆಂದು ಎಣಿಸಲಾಗುವ ಕೃಷಿ ಪತ್ತಿನ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದುದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಕೇಬಲಿನ ಒಂದು ಪೆಟ್ಟಿಗೆಯಲ್ಲಿ 305 ಮೀಟರು ಇರುತ್ತದೆ, ಸಾಧಾರಣ ಮನೆಯೊಂದಕ್ಕೆ 50 ಮೀಟರು ಸಾಕು. ಆ ಸಹಕಾರದ ದಾರಿಯನ್ನೇ ಹಿಡಿದು ಆರು ಮನೆಯವರು ಕೂಡಿ ಒಂದು ಪೆಟ್ಟಿಗೆ, ಪಿನ್ನು ಒತ್ತುವ ಒಂದು ಇಕ್ಕಳ, ತಂತಿ ಪರೀಕ್ಷಿಸುವ ಒಂದು ಯಂತ್ರ ಕೊಂಡರೆ ಖರ್ಚು ಆರರಲ್ಲೊಂದಾಗುತ್ತದೆ, ಒಬ್ಬರ ಡಿಸ್ಕು ಇನ್ನೊಬ್ಬರ ಮನೆಯಲ್ಲಿ ಪರಸ್ಥಳದ ಪ್ರತಿಯಾಗುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನಲ್ಲಿ ಜನಸ್ತು ಎಂಬ ಸಂಸ್ಥೆಯವರು ಇಂಥ ಪುಟ್ಟ ಯಂತ್ರಗಳಿಂದಲೇ ಊರವರದೇ ಆದ ವೈಫೈ ಬಲೆಯನ್ನು ಹೆಣೆದು ತೋರಿಸಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಎಂಟು ವ್ಯಾಟಿನ ಒಂದೊಂದು ಸರ್ವರ್ ನಿಂತು, ಕನ್ನಡ ವಿಕಿಪೀಡಿಯ, ಶಾಲೆಯ ಪುಸ್ತಕಗಳು, ಆ ಊರಿನ ಹಿರಿಯರ ಹಾಡು ಕತೆಗಳು ಇಂಟರ್ನೆಟ್ ಇರಲಿ ಇಲ್ಲದಿರಲಿ ಮಕ್ಕಳಿಗೆ ದೊರೆಯುವಂತಾಗುವುದಕ್ಕೆ ಅಡ್ಡಿಯಾಗಿರುವುದು ಹಣವಲ್ಲ, ಸಂಕಲ್ಪದ ಕೊರತೆ ಎಂದೇ ನನ್ನ ನಿಶ್ಚಿತ ಅಭಿಪ್ರಾಯ.

ಸರ್ವರನ್ನು ಕೊಳ್ಳುವುದು ಮುಂದಿನ ಸುಗ್ಗಿಗಾದರೂ ಆಗಲಿ, ಇದನ್ನೋದುತ್ತಿರುವ ತಾವು ಈ ರವಿವಾರ ಒಂದು ಕೆಲಸವನ್ನು ಮಾತ್ರ ದಯವಿಟ್ಟು ಮಾಡಿರಿ: ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಅವರಿಗೆ ಬರುವ ಹಾಡೊಂದನ್ನೋ ಕತೆಯೊಂದನ್ನೋ ಮೊಬೈಲಿನಲ್ಲಿ ಹಿಡಿದಿಟ್ಟು, ಎರಡು ಪೆನ್‌ಡ್ರೈವುಗಳಿಗೆ ಇಳಿಸಿ, ಒಂದನ್ನು ಬೇರೆ ಊರಿನಲ್ಲಿರುವ ಅಕ್ಕತಂಗಿಯರಲ್ಲಿಗೆ ಕಳುಹಿಸಿಕೊಡಿರಿ. ನಮ್ಮ ಅವ್ವನ ಉಳಿದ ಹನ್ನೊಂದು ಪದಗಳು ಈಗ ಎಲ್ಲಿಯೂ ಇಲ್ಲ.